ಹನ್ನೊಂದು ಕುರ್ಚಿಗಳ ಸಭೆ: ಸಮಿತಿಯ ತೀರ್ಮಾನದಲ್ಲಿ ಪ್ರಭಾವವನ್ನು ಗುರುತಿಸುವ, ನಿಭಾಯಿಸುವ ಬಗೆ

ಮುಂಬಯಿ ಕಡೆಯ ನಮ್ಮ ಕನ್ನಡಿಗರ ಸಂಘದ ಕಾರ್ಯಕಾರಿ ಸಮಿತಿಯ ಸಭೆ ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕೂವರೆಗೆ, ಠಾಣೆ ನಗರದಿಂದಾಚೆಯ ಒಂದು ಶಾಲೆಯ ಏಳನೆಯ ತರಗತಿಯ ಕೋಣೆಯಲ್ಲಿ ಸೇರುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿ ಹನ್ನೊಂದು ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಇಡುತ್ತೇವೆ. ದುಂಡಗೆ ಇಟ್ಟರೂ ಅಧ್ಯಕ್ಷರ ಕುರ್ಚಿ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಫ್ಯಾನಿನ ನೇರ ಕೆಳಗೆ ಇರುವುದು ಅದೊಂದೇ. ಕೆಲವು ವರ್ಷಗಳ ಹಿಂದೆ, ನಾನು ಕಾರ್ಯದರ್ಶಿಯಾಗಿದ್ದಾಗ, ಸಂಘದ ಬೆಳ್ಳಿಹಬ್ಬವನ್ನು ಎಲ್ಲಿ ನಡೆಸಬೇಕೆಂಬ ವಿಷಯ ಅಲ್ಲಿ ಚರ್ಚೆಗೆ ಬಂತು. ಅಧ್ಯಕ್ಷರು ಹೋಟೆಲ್ ಉದ್ಯಮಿ, ಸ್ಮರಣ ಸಂಚಿಕೆಯ ಹಿಂದಿನ ಪುಟದ ಜಾಹೀರಾತು ಪ್ರತಿ ವರ್ಷವೂ ಅವರದೇ. ಅವರು ಕುಳಿತಲ್ಲಿಂದಲೇ, ‘ನಾನು ಯಾರ ಮೇಲೂ ಹೇರುವವನಲ್ಲ. ಆದರೆ ಇಪ್ಪತ್ತೈದು ವರ್ಷವೆಂದರೆ ಸಣ್ಣ ಮಾತಲ್ಲ, ಹಾಲ್ ಸ್ವಲ್ಪ ದೊಡ್ಡದೇ ಇರಲಿ, ಏನಂತೀರಿ?’ ಎಂದರು. ಒಂಬತ್ತು ತಲೆಗಳು ಕೋಲೆ ಬಸವನ ಹಾಗೆ ಆಡಿದವು. ಹತ್ತನೆಯದು ನನ್ನದು, ಅದೂ ಆಡಿತು. ನನ್ನ ಪಕ್ಕದಲ್ಲಿದ್ದ ಖಜಾಂಚಿಗಳು ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದ ಒಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ್ದನ್ನು ನಾನು ಕಂಡೆ, ಆದರೆ ಅದೇನೆಂದು ಕೇಳಲಿಲ್ಲ.

ಅಂದು ಹಳಿಯ ದುರಸ್ತಿಗೆಂದು ರೈಲು ಸಂಚಾರ ಕಡಿತಗೊಳಿಸುವ ಮೆಗಾ ಬ್ಲಾಕ್ ಇದ್ದುದರಿಂದ ಸ್ಲೋ ಲೋಕಲ್ ರೈಲು ತಡವಾಯಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಆ ಕಾಗದ ಹೊರಗೆ ಬಂತು. ದೊಡ್ಡ ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಬೆಳಕು, ಊರಿಂದ ಬರುವ ಕಲಾವಿದರ ಪ್ರಯಾಣ ಎಲ್ಲ ಸೇರಿದರೆ ನಮ್ಮ ಠೇವಣಿಯ ಎರಡು ವರ್ಷದ ಬಡ್ಡಿ ಮುಗಿಯುತ್ತದೆ, ಮಕ್ಕಳ ಕನ್ನಡ ತರಗತಿಯ ಶಿಕ್ಷಕಿಗೆ ಕೊಡಲು ಏನೂ ಉಳಿಯುವುದಿಲ್ಲ ಎಂದು ಅದರಲ್ಲಿ ಲೆಕ್ಕವಿತ್ತು. ‘ಇದನ್ನು ಒಳಗೇ ಹೇಳಬಹುದಿತ್ತಲ್ಲ?’ ಎಂದೆ. ‘ಅಣ್ಣ ಒಮ್ಮೆ ಹೇಳಿದ ಮೇಲೆ ಇನ್ನೇನು ಹೇಳುವುದು ಮಾರಾಯ್ರೇ?’ ಎಂದರು. ರೈಲು ಬರುವುದರೊಳಗೆ ಇನ್ನೂ ಐದು ಜನ ಅದೇ ಅಭಿಪ್ರಾಯದವರೆಂದು ಗೊತ್ತಾಯಿತು. ಅಂದರೆ ಹನ್ನೊಂದರಲ್ಲಿ ಆರು ಜನಕ್ಕೆ ಬೇಡವಾಗಿದ್ದ ಒಂದು ಸಂಗತಿಯನ್ನು ನಾವು ನಾಲ್ಕು ನಿಮಿಷದಲ್ಲಿ ಸರ್ವಾನುಮತದಿಂದ ಅಂಗೀಕರಿಸಿದ್ದೆವು. ಅಮೆರಿಕದ ಜೆರ್ರಿ ಹಾರ್ವೆ ಎಂಬ ಆಡಳಿತಶಾಸ್ತ್ರದ ಪ್ರಾಧ್ಯಾಪಕರು 1974ರಲ್ಲಿ ಇಂಥದ್ದಕ್ಕೆ ಆಬಿಲೀನ್ ವಿರೋಧಾಭಾಸ ಎಂದು ಹೆಸರಿಟ್ಟರು. ಟೆಕ್ಸಾಸಿನ ಸುಡುಬಿಸಿಲಿನಲ್ಲಿ ಮನೆಯ ನಾಲ್ಕೂ ಮಂದಿ ಉಳಿದವರಿಗೆ ಇಷ್ಟವಿರಬಹುದೆಂದುಕೊಂಡು ಆಬಿಲೀನ್ ಎಂಬ ಊರಿಗೆ ಊಟಕ್ಕೆ ಹೋಗಿ, ಬೆವರಿ ಸೋತು ಹಿಂತಿರುಗಿದ ಮೇಲೆ, ಹೋಗುವುದು ಯಾರಿಗೂ ಬೇಕಿರಲಿಲ್ಲವೆಂದು ಒಪ್ಪಿಕೊಂಡ ಪ್ರಸಂಗ ಅದು.

ನಮ್ಮ ಪ್ರಸಂಗದಲ್ಲಿ ಅಧ್ಯಕ್ಷರನ್ನು ದೂರುವುದು ಸುಲಭ, ಆದರೆ ಅದು ತಪ್ಪಾಗುತ್ತದೆ. ಅವರು ಗದರಿರಲಿಲ್ಲ, ಒತ್ತಾಯಿಸಿರಲಿಲ್ಲ. ಮುಂದೆ ವಿಷಯ ತಿಳಿದಾಗ, ‘ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನಾನೇ ಬೇಡ ಅನ್ನುತ್ತಿದ್ದೆ’ ಎಂದು ಬೇಸರಪಟ್ಟುಕೊಂಡರು. ನಮ್ಮ ಸಂಘಸಂಸ್ಥೆಗಳಲ್ಲಿ ಅಧಿಕಾರ ಹೆಚ್ಚಾಗಿ ಬರುವುದು ದಾಕ್ಷಿಣ್ಯದ ರೂಪದಲ್ಲಿ. ಅದನ್ನು ಬಳಸಬೇಕೆಂದು ಯಾರೂ ಹೊರಡದಿದ್ದರೂ ಅದು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಆದ್ದರಿಂದ ಜನರನ್ನು ಧೈರ್ಯವಂತರನ್ನಾಗಿ ಮಾಡಲು ಹೊರಡುವುದಕ್ಕಿಂತ, ದಾಕ್ಷಿಣ್ಯವನ್ನು ಉಳಿಸಿಕೊಂಡೇ ನಿಜ ಹೇಳಲು ಸಾಧ್ಯವಾಗುವಂತೆ ಸಭೆಯ ಕ್ರಮವನ್ನು ಬದಲಾಯಿಸುವುದು ಮೇಲು. ಆ ಕ್ರಮ ಹೇಗಿರಬಹುದೆಂಬುದನ್ನು ಮುಂದೆ ವಿವರಿಸಿದ್ದೇನೆ. ಸಂಘ, ದೇವಸ್ಥಾನದ ಸಮಿತಿ, ಹೌಸಿಂಗ್ ಸೊಸೈಟಿ, ಕಚೇರಿಯ ತಂಡ, ಎಲ್ಲಕ್ಕೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಯಾರ ಮಾತಿಗೆ ಏಕೆ ತೂಕ

ಮೊದಲು ಮಾಡಬೇಕಾದ ಕೆಲಸ ಸಭೆಗೆ ಮುಂಚೆ, ಒಬ್ಬರೇ ಕುಳಿತು, ಒಂದು ಹಾಳೆಯಲ್ಲಿ ಮಾಡುವಂಥದ್ದು. ಸದಸ್ಯರ ಹೆಸರುಗಳನ್ನು ಬರೆದು, ಪ್ರತಿಯೊಬ್ಬರ ಮಾತಿಗೆ ಇರುವ ತೂಕ ಎಲ್ಲಿಂದ ಬಂದಿದೆಯೆಂದು ಎದುರಿಗೆ ಗುರುತು ಹಾಕಿಕೊಳ್ಳಿ. ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್ ಎಂಬ ಮನೋವಿಜ್ಞಾನಿಗಳು 1959ರಲ್ಲಿ ಮಾಡಿದ ವಿಂಗಡಣೆ ಇದಕ್ಕೆ ಇಂದಿಗೂ ಅನುಕೂಲವಾಗಿದೆ. ಸ್ಥಾನದಿಂದ ಬರುವ ಬಲ, ಕೊಡುವ ಶಕ್ತಿಯಿಂದ ಬರುವ ಬಲ, ಶಿಕ್ಷಿಸುವ ಶಕ್ತಿಯಿಂದ ಬರುವ ಬಲ, ಪರಿಣತಿಯಿಂದ ಬರುವ ಬಲ, ವ್ಯಕ್ತಿಯ ಮೇಲಿನ ಅಭಿಮಾನದಿಂದ ಬರುವ ಬಲ ಎಂದು ಅವರು ಐದು ಬಗೆ ಹೇಳಿದರು. ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡಿರುವವರ ಬಲವನ್ನು ರೇವನ್ 1965ರಲ್ಲಿ ಆರನೆಯದಾಗಿ ಸೇರಿಸಿದರು. ನಮ್ಮ ಅಧ್ಯಕ್ಷರಲ್ಲಿ ಮೊದಲ ಎರಡೂ ಅಭಿಮಾನದ ಬಲವೂ ಇದ್ದವು. ಖಜಾಂಚಿಗಳಲ್ಲಿ ಪರಿಣತಿ ಮತ್ತು ಮಾಹಿತಿ ಎರಡೂ ಇದ್ದವು, ಆದರೆ ಅವು ಜೇಬಿನಲ್ಲಿದ್ದವು.

ಈ ವಿಂಗಡಣೆ ನಮ್ಮ ಮಟ್ಟಿಗೆ ಸಾಲದು. ಮುಂಬಯಿಯಲ್ಲಿ ಒಂದು ಸಂಘದ ಹನ್ನೊಂದು ಜನ ಸಭೆಯ ಹೊರಗೂ ಒಬ್ಬರಿಗೊಬ್ಬರು ಹೆಣೆದುಕೊಂಡಿರುತ್ತಾರೆ. ಒಬ್ಬರ ತಮ್ಮನ ಮಗ ಇನ್ನೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕುಳಿತಿರುತ್ತಾನೆ. ಒಬ್ಬರು ಊರಿನಿಂದ ಮೊದಲ ಸಲ ಬಂದಿಳಿದಾಗ ಮಲಗಲು ಜಾಗ ಕೊಟ್ಟವರು ಇನ್ನೊಬ್ಬರ ತಂದೆಯಾಗಿರುತ್ತಾರೆ. ಮಗಳ ಮದುವೆಗೆ ಸಭಾಗೃಹ ರಿಯಾಯಿತಿಯಲ್ಲಿ ಸಿಕ್ಕಿದ್ದು ಮೂರನೆಯವರ ಒಂದು ಫೋನಿನಿಂದ. ಇದು ಹಂಗು. ಹಂಗಿನಲ್ಲಿರುವವನು ಸಭೆಯಲ್ಲಿ ಸುಮ್ಮನಿದ್ದರೆ ಅವನನ್ನು ಹೇಡಿ ಎನ್ನುವುದು ಅನ್ಯಾಯ, ಅವನು ಕೃತಜ್ಞತೆಯನ್ನು ಉಳಿಸಿಕೊಳ್ಳುತ್ತಿರುತ್ತಾನೆ ಅಷ್ಟೆ. ಆದ್ದರಿಂದ ಹಾಳೆಯಲ್ಲಿ ಇನ್ನೊಂದು ಅಂಕಣ ಹಾಕಿ, ‘ಈ ವಿಷಯದಲ್ಲಿ ಇವರು ಎದುರು ಮಾತಾಡಿದರೆ ಏನು ಕಳೆದುಕೊಳ್ಳುತ್ತಾರೆ?’ ಎಂದು ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಜನರ ಎದುರು ಒಂದೇ ಹೆಸರು ಬಂದರೆ, ಆ ವಿಷಯವನ್ನು ಬಾಯಿಮಾತಿನ ಚರ್ಚೆಯಲ್ಲಿ ತೀರ್ಮಾನಿಸಬಾರದು. ಹಾಳೆಯನ್ನು ಹರಿದು ಹಾಕಲು ಮರೆಯಬೇಡಿ. ಅದು ವಾಟ್ಸಾಪ್ ಗುಂಪಿಗೆ ಹೋದರೆ ಸಂಘವೇ ಒಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎಲ್ಲ ಪ್ರಭಾವವೂ ಕೆಡುಕಲ್ಲ. ಸಮಿತಿಯಲ್ಲಿರುವ ನಿವೃತ್ತ ಎಂಜಿನಿಯರರೊಬ್ಬರು ಮೇಲ್ಛಾವಣಿಯ ಸ್ಲ್ಯಾಬ್ ಬಿರುಕು ಬಿಟ್ಟಿದೆ, ಅದರ ಮೇಲೆ ನೀರಿನ ಟ್ಯಾಂಕಿ ಇಡಬಾರದು ಎಂದರೆ, ಅದಕ್ಕೆ ಕೈ ಎತ್ತಿಸಿ ಮತ ಎಣಿಸುವುದು ಮೂರ್ಖತನ. ಆದರೆ ಅದೇ ಎಂಜಿನಿಯರರು ನಾಟಕ ಸ್ಪರ್ಧೆಯ ತೀರ್ಪುಗಾರರು ಯಾರಾಗಬೇಕೆಂದು ಹೇಳಿದಾಗಲೂ ನಾವು ಅಷ್ಟೇ ತಲೆಯಾಡಿಸುತ್ತೇವಲ್ಲ, ತೊಂದರೆ ಇರುವುದು ಅಲ್ಲಿ. ಒಂದು ವಿಷಯದಲ್ಲಿ ಗಳಿಸಿದ ತೂಕ ಸದ್ದಿಲ್ಲದೆ ಇನ್ನೊಂದು ವಿಷಯಕ್ಕೂ ಹರಿಯುತ್ತದೆ.

ಕಾರ್ಯಸೂಚಿ ಬರೆಯುವವರ ಕೈ

ಅಧಿಕಾರವೆಂದರೆ ಮತ ಗೆಲ್ಲುವುದೆಂದು ನಾವು ತಿಳಿಯುತ್ತೇವೆ. ಪೀಟರ್ ಬ್ಯಾಕ್ರ್ಯಾಕ್ ಮತ್ತು ಮಾರ್ಟನ್ ಬ್ಯಾರಟ್ಜ್ ಎಂಬ ವಿದ್ವಾಂಸರು 1962ರಲ್ಲಿ ಅಧಿಕಾರಕ್ಕೆ ಇನ್ನೊಂದು ಮುಖವಿದೆಯೆಂದು ತೋರಿಸಿದರು: ಯಾವ ವಿಷಯ ಮತದವರೆಗೆ ಬರುವುದೇ ಇಲ್ಲವೋ ಅದನ್ನು ಗೊತ್ತುಮಾಡುವ ಅಧಿಕಾರ. ನಮ್ಮ ಕಾರ್ಯಸೂಚಿಯಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದ ಸಾಲು ‘ಬೆಳ್ಳಿಹಬ್ಬದ ಸಭಾಂಗಣದ ಆಯ್ಕೆ’ ಎಂದಿತ್ತು. ಸಭಾಂಗಣ ಬೇಕೋ ಬೇಡವೋ, ಶಾಲೆಯ ಅಂಗಳದಲ್ಲೇ ಶಾಮಿಯಾನ ಹಾಕಿದರೆ ಆಗದೋ ಎಂಬ ಪ್ರಶ್ನೆಯನ್ನು ನಾನು ಮೂರು ಶಬ್ದಗಳಲ್ಲಿ ಮುಗಿಸಿಬಿಟ್ಟಿದ್ದೆ, ಅದೂ ಗೊತ್ತಿಲ್ಲದೆ.

ಹಾಗಾಗಿ ಕಾರ್ಯಸೂಚಿ ಬರೆಯುವವರು ಮೊದಲು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬರೆಯಬೇಕು. ‘ಆಯ್ಕೆ’, ‘ಅನುಮೋದನೆ’, ‘ಅಂಗೀಕಾರ’ ಎಂಬ ಮಾತುಗಳಲ್ಲಿ ಉತ್ತರ ಆಗಲೇ ಅಡಗಿರುತ್ತದೆ. ಹಣದ ವಿಷಯವಿದ್ದರೆ ಅಂಕಿಅಂಶಗಳ ಒಂದು ಪುಟವನ್ನು ಕನಿಷ್ಠ ಎಂಟು ದಿನ ಮೊದಲೇ ಎಲ್ಲರಿಗೂ ಕಳುಹಿಸಬೇಕು, ಸಭೆಯಲ್ಲಿ ಹಂಚಿದ ಕಾಗದವನ್ನು ಯಾರೂ ಓದುವುದಿಲ್ಲ. ಭಾರವಾದ ವಿಷಯವನ್ನು ಮೊದಲಿಗೆ ಇಡಬೇಕು. ‘ಇತರ ವಿಷಯಗಳು, ಅಧ್ಯಕ್ಷರ ಅನುಮತಿಯ ಮೇರೆಗೆ’ ಎಂಬ ಕೊನೆಯ ಸಾಲಿನಲ್ಲಿ ದೊಡ್ಡ ಖರ್ಚುಗಳು ಪಾಸಾಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆರೂವರೆಯ ಹೊತ್ತಿಗೆ ದೂರದ ಬದ್ಲಾಪುರಕ್ಕೆ ರೈಲು ಹಿಡಿಯಬೇಕಾದವರ ಕಣ್ಣು ಗಡಿಯಾರದ ಮೇಲಿರುತ್ತದೆ, ಅವರು ಯಾವುದಕ್ಕೂ ಹೂಂ ಅನ್ನುತ್ತಾರೆ.

ಮೂರು ಆಯ್ಕೆಗಳಿದ್ದಾಗ ಯಾವ ಎರಡನ್ನು ಮೊದಲು ಮತಕ್ಕೆ ಹಾಕುತ್ತೇವೆ ಎಂಬುದರಲ್ಲೇ ಫಲಿತಾಂಶ ಇರಬಹುದು. ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲಿ ಕಂಡುಕೊಂಡ ಈ ಗಂಟನ್ನು ನಮ್ಮ ಹನ್ನೊಂದು ಜನರಿಗೇ ಅನ್ವಯಿಸಿ ನೋಡಬಹುದು. ನಾಲ್ವರಿಗೆ ಮೊದಲು ಸಭಾಂಗಣ, ಅದಾಗದಿದ್ದರೆ ಅಂಗಳ, ಕೊನೆಗೆ ಹಬ್ಬವೇ ಬೇಡ, ಹಣ ತರಗತಿಗೆ ಹೋಗಲಿ ಎಂಬ ಕ್ರಮ ಇಷ್ಟವೆಂದುಕೊಳ್ಳಿ. ಇನ್ನು ನಾಲ್ವರಿಗೆ ಅಂಗಳ, ತರಗತಿ, ಸಭಾಂಗಣ ಎಂಬ ಕ್ರಮ. ಉಳಿದ ಮೂವರಿಗೆ ತರಗತಿ, ಸಭಾಂಗಣ, ಅಂಗಳ. ಸಭಾಂಗಣಕ್ಕೂ ಅಂಗಳಕ್ಕೂ ಮತ ಹಾಕಿದರೆ ಸಭಾಂಗಣ ಏಳು ನಾಲ್ಕರಿಂದ ಗೆಲ್ಲುತ್ತದೆ. ಅಂಗಳಕ್ಕೂ ತರಗತಿಗೂ ಹಾಕಿದರೆ ಅಂಗಳ ಎಂಟು ಮೂರರಿಂದ. ತರಗತಿಗೂ ಸಭಾಂಗಣಕ್ಕೂ ಹಾಕಿದರೆ ತರಗತಿ ಏಳು ನಾಲ್ಕರಿಂದ. ಯಾವುದನ್ನು ಕೊನೆಯ ಸುತ್ತಿಗೆ ಕಾದಿರಿಸುತ್ತೀರೋ ಅದೇ ಗೆಲ್ಲುತ್ತದೆ! ಮತದಾನ ಪ್ರಾಮಾಣಿಕವಾಗಿದ್ದರೂ, ಗೆದ್ದವರು ಯಾರೆಂದು ಕೇಳಿದರೆ ‘ಮೊದಲು ಇವೆರಡನ್ನು ನೋಡಿಬಿಡೋಣ’ ಎಂದವರು ಎನ್ನಬೇಕಾಗುತ್ತದೆ. ಇದಕ್ಕೆ ಪೂರ್ಣ ಪರಿಹಾರವಿಲ್ಲ. ಮತದ ಕ್ರಮವನ್ನು ಚರ್ಚೆಗೆ ಮೊದಲೇ ಗೊತ್ತುಮಾಡಿ ಬರೆದಿಡುವುದು, ಅಥವಾ ಚೀಟಿ ಎತ್ತಿ ಕ್ರಮ ನಿರ್ಧರಿಸುವುದು, ಇಷ್ಟು ಮಾಡಬಹುದು.

ಮಾತಿನ ಸರದಿ

ಯಾರು ಮೊದಲು ಮಾತಾಡುತ್ತಾರೆ ಎಂಬುದು ಮಿಕ್ಕೆಲ್ಲಕ್ಕಿಂತ ಮುಖ್ಯವೆಂದು ನನ್ನ ಅನುಭವ ಹೇಳುತ್ತದೆ. 1951ರಲ್ಲಿ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗೆರೆಯನ್ನು ತೋರಿಸಿ, ಅದರಷ್ಟೇ ಉದ್ದದ ಗೆರೆ ಬೇರೆ ಮೂರರಲ್ಲಿ ಯಾವುದೆಂದು ಸರದಿಯಂತೆ ಎಲ್ಲರನ್ನೂ ಕೇಳುವುದು. ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟವರು, ಕೆಲವು ಸುತ್ತುಗಳಲ್ಲಿ ಅವರು ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದರು. ಕಣ್ಣೆದುರು ಸ್ಪಷ್ಟವಾಗಿ ಕಾಣುವ ಸಂಗತಿಯಲ್ಲಿಯೂ ಆ ಒಬ್ಬನ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಂಪಿನ ತಪ್ಪನ್ನೇ ಅನುಸರಿಸಿದ್ದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನೊಡನೆ ಹೋಗಿದ್ದರು. ನಮಗೆ ಉಪಯೋಗವಾಗುವುದು ಆಶ್ ಆಮೇಲೆ ಮಾಡಿದ ಬದಲಾವಣೆಗಳು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಕೊಟ್ಟಾಗ ಈ ಅನುಸರಣೆ ಬಹುಪಾಲು ಇಳಿಯಿತು. ಉತ್ತರವನ್ನು ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆಯಲು ಬಿಟ್ಟಾಗಲೂ ಇಳಿಯಿತು.

ಎರಡನೆಯ ಸಂಗತಿಯನ್ನು ನೇರವಾಗಿ ಸಭೆಗೆ ತನ್ನಿ. ಚರ್ಚೆ ಆರಂಭವಾಗುವ ಮುನ್ನ ಪ್ರತಿಯೊಬ್ಬರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಟ್ಟು, ಎರಡು ಸಾಲಿನಲ್ಲಿ ಅಭಿಪ್ರಾಯವನ್ನೂ ಕಾರಣವನ್ನೂ ಬರೆಯಲು ಹೇಳಿ. ಪೆನ್ನಿನ ಬಣ್ಣ ಕ್ಷುಲ್ಲಕವೆನಿಸಬಹುದು. ನಮ್ಮಲ್ಲಿ ಒಬ್ಬರು ಹಸಿರು ಶಾಯಿಯಲ್ಲೇ ಬರೆಯುವವರಿದ್ದರು, ಅವರ ಚೀಟಿ ಯಾವುದೆಂದು ಇಡೀ ಕೋಣೆಗೆ ಗೊತ್ತಾಗಿತ್ತು. ಅಕ್ಷರದಿಂದ ಗುರುತು ಸಿಗಬಾರದೆಂದರೆ ಒಬ್ಬರೇ ಎಲ್ಲ ಚೀಟಿಗಳನ್ನೂ ಕಲಸಿ ಗಟ್ಟಿಯಾಗಿ ಓದಲಿ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್, ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸಿದ 787 ಚೀಟಿಗಳನ್ನು ಪರಿಶೀಲಿಸಿದಾಗ ನಟ್ಟನಡುವಿನ ಊಹೆ 1,207 ಪೌಂಡ್ ಬಂತು, ನಿಜವಾದ ತೂಕ 1,198 ಪೌಂಡ್ ಇತ್ತು. ಆ ಜನರ ಲೆಕ್ಕ ಅಷ್ಟು ಹತ್ತಿರ ಬಂದದ್ದು ಪ್ರತಿಯೊಬ್ಬರೂ ತಮ್ಮ ಚೀಟಿಯನ್ನು ತಾವೇ ಬರೆದದ್ದರಿಂದ. ಊರಿನ ದೊಡ್ಡ ಕಟುಕನೊಬ್ಬ ಮೊದಲೇ ಎದ್ದು ನಿಂತು ಇಂತಿಷ್ಟು ಎಂದು ಸಾರಿದ್ದರೆ ಮಿಕ್ಕವರ ಊಹೆಗಳು ಅವನ ಸುತ್ತಲೇ ಸುಳಿಯುತ್ತಿದ್ದವು.

ಬಾಯಿಮಾತಿನ ಸುತ್ತು ಬೇಕೇಬೇಕೆಂದರೆ ಕಿರಿಯರಿಂದ ಆರಂಭಿಸಿ ಅಧ್ಯಕ್ಷರಲ್ಲಿ ಮುಗಿಸಿ. ಪ್ರಾಣದಂಡನೆಯ ಮೊಕದ್ದಮೆಗಳಲ್ಲಿ ಕಿರಿಯ ನ್ಯಾಯಾಧೀಶರಿಂದ ಅಭಿಪ್ರಾಯ ಕೇಳಲು ತೊಡಗಬೇಕೆಂಬ ನಿಯಮ ಯಹೂದಿಗಳ ಪ್ರಾಚೀನ ನ್ಯಾಯಸಭೆಯಲ್ಲಿತ್ತು. ನಮ್ಮ ಕೌಟಿಲ್ಯನೂ ಈ ವಿಷಯದಲ್ಲಿ ಬಹಳ ವ್ಯವಹಾರಸ್ಥ. ಅರ್ಥಶಾಸ್ತ್ರದ ಮಂತ್ರಾಲೋಚನೆಯ ಅಧ್ಯಾಯದಲ್ಲಿ ಅವನು, ಮಂತ್ರಿಗಳನ್ನು ಒಬ್ಬೊಬ್ಬರಾಗಿಯೂ ಕೇಳಬೇಕು, ಒಟ್ಟಾಗಿಯೂ ಕೇಳಬೇಕು, ಅವರ ಅಭಿಪ್ರಾಯಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಕಾರಣಸಹಿತ ತಿಳಿಯಬೇಕು ಎನ್ನುತ್ತಾನೆ. ಇಬ್ಬರನ್ನೇ ಇಟ್ಟುಕೊಂಡರೆ ಅವರು ಒಂದಾಗಿ ಅರಸನನ್ನು ಒತ್ತಿಹಾಕಿಯಾರು, ಆದ್ದರಿಂದ ಮೂವರೋ ನಾಲ್ವರೋ ಇರಲಿ ಎಂಬುದೂ ಅವನ ಲೆಕ್ಕ. ಕಾರ್ಯದರ್ಶಿಯಾದವರು ಸಭೆಯ ಹಿಂದಿನ ವಾರ ಪ್ರತಿಯೊಬ್ಬರಿಗೂ ಐದು ನಿಮಿಷ ಫೋನ್ ಮಾಡಿ ಕೇಳುವುದು ಈ ‘ಒಬ್ಬೊಬ್ಬರಾಗಿ’ ಎಂಬುದರ ಇಂದಿನ ರೂಪ. ಆದರೆ ಕೇಳಲಷ್ಟೇ ಫೋನ್ ಮಾಡಬೇಕು. ‘ಅಣ್ಣನಿಗೆ ಹೀಗೆ ಮನಸ್ಸಿದೆ, ನೀವೇನಂತೀರಿ?’ ಎಂದು ಆರಂಭಿಸಿದರೆ ಸಭೆ ಫೋನಿನಲ್ಲೇ ಮುಗಿದ ಹಾಗೆ.

ಇಲ್ಲಿ ಚಹಾದ ಮಾತೂ ಬರಬೇಕು. ನಮ್ಮ ಸಮಿತಿಯಲ್ಲಿ ಇಬ್ಬರು ಮಹಿಳೆಯರಿದ್ದರು, ಕಾಗದದ ಮೇಲೆ ಅವರಿಗೂ ಸಮಾನ ಮತ. ಐದು ಗಂಟೆಯಾಗುತ್ತಿದ್ದಂತೆ ಯಾರಾದರೊಬ್ಬರು, ‘ಅಕ್ಕ, ಚಹಾ ಬಂತೋ ಏನೋ ಸ್ವಲ್ಪ ನೋಡ್ತೀರಾ?’ ಎನ್ನುತ್ತಿದ್ದರು, ಅಕ್ಕ ಎದ್ದು ಹೋಗಿ, ಉಪ್ಪಿಟ್ಟನ್ನು ತಟ್ಟೆಗಳಿಗೆ ಹಾಕಿಸಿ ಬರುವಷ್ಟರಲ್ಲಿ ವಿಷಯ ತೀರ್ಮಾನವಾಗಿರುತ್ತಿತ್ತು. ಇದನ್ನು ನಾನು ಗಮನಿಸಿದ್ದು ಎರಡು ವರ್ಷವಾದ ಮೇಲೆ, ಅದೂ ಅವರಲ್ಲೊಬ್ಬರು ನಗುತ್ತಲೇ ಹೇಳಿದ್ದರಿಂದ. ಈಗ ಮುಖ್ಯ ವಿಷಯ ಮುಗಿಯುವವರೆಗೆ ಚಹಾ ಬರುವುದಿಲ್ಲ, ಬಂದಾಗ ಅತಿ ಕಿರಿಯ ಗಂಡಸು ಹಂಚುತ್ತಾನೆ.

ಜೇಬಿನಲ್ಲಿ ಉಳಿಯುವ ಕಾಗದ

ಹತ್ತು ಜನ ಸೇರಿದರೆ ಹತ್ತು ಜನರ ತಿಳಿವಳಿಕೆಯೂ ಮೇಜಿನ ಮೇಲೆ ಬರುತ್ತದೆಂದು ನಾವು ಭಾವಿಸುತ್ತೇವೆ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪುಗಳು ಒಬ್ಬ ಅಭ್ಯರ್ಥಿಯನ್ನು ಆರಿಸಬೇಕಿತ್ತು. ಅತ್ಯುತ್ತಮ ಅಭ್ಯರ್ಥಿಯ ಒಳ್ಳೆಯ ಗುಣಗಳನ್ನು ಚೂರು ಚೂರಾಗಿ ಬೇರೆ ಬೇರೆಯವರಿಗೆ ಕೊಟ್ಟಿದ್ದಾಗ, ಆ ಚೂರುಗಳನ್ನು ಜೋಡಿಸುವ ಬದಲು ಗುಂಪು ಎಲ್ಲರಿಗೂ ಮೊದಲೇ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಮಾತಾಡಿ ತಪ್ಪು ವ್ಯಕ್ತಿಯನ್ನು ಆರಿಸುತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಹೇಳಿದರೆ ಹತ್ತು ಜನ ಹೌದೆನ್ನುತ್ತಾರೆ, ತನಗೊಬ್ಬನಿಗೇ ಗೊತ್ತಿರುವುದನ್ನು ಹೇಳಿದರೆ ‘ಎಲ್ಲಿ ಕೇಳಿದ್ದು?’ ಎಂಬ ಪ್ರಶ್ನೆ ಬರುತ್ತದೆ. ಅಧಿಕಾರ ಕಡಿಮೆ ಇದ್ದವನಿಗೆ ಆ ಪ್ರಶ್ನೆ ದುಬಾರಿ.

ಇದಕ್ಕೆ ಮದ್ದು ಸುಲಭ. ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳುವ ಮುಂಚೆ ‘ಈ ವಿಷಯದಲ್ಲಿ ನಿಮಗೆ ಗೊತ್ತಿದ್ದು ಉಳಿದವರಿಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ?’ ಎಂದು ಒಂದು ಪೂರ್ತಿ ಸುತ್ತು ಕೇಳಿ. ಅಭಿಪ್ರಾಯ ಹೇಳಿದರೆ ಒಂದು ಪಕ್ಷ ಸೇರಿದಂತಾಗುತ್ತದೆ. ಮಾಹಿತಿ ಹೇಳಿದರೆ ಸೇವೆ ಮಾಡಿದಂತಾಗುತ್ತದೆ. ಅಂದು ಈ ಪ್ರಶ್ನೆಯನ್ನು ನಾನು ಕೇಳಿದ್ದರೆ ಖಜಾಂಚಿಗಳ ಕಾಗದ ಜೇಬಿಗೆ ಹೋಗುತ್ತಿರಲಿಲ್ಲ, ಅವರು ಅಣ್ಣನಿಗೆ ಎದುರಾಡಿದಂತೆಯೂ ಆಗುತ್ತಿರಲಿಲ್ಲ.

ಒಪ್ಪದವರು, ಮತ್ತು ಎದ್ದು ಹೊರಗೆ ಹೋಗಬೇಕಾದವರು

ಅಧ್ಯಕ್ಷರಾಗಿರುವವರೇ ಇದನ್ನು ಓದುತ್ತಿದ್ದರೆ ಅವರಿಗೆ ನನ್ನದು ಒಂದೇ ಸಲಹೆ: ಇಪ್ಪತ್ತು ನಿಮಿಷ ಕೋಣೆಯಿಂದ ಹೊರಗಿರಿ. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿ ನೆಲಕಚ್ಚಿದ ಮೇಲೆ, ಅಷ್ಟು ಬುದ್ಧಿವಂತರು ಸುತ್ತಲಿದ್ದೂ ಯಾರೂ ಏಕೆ ತಡೆಯಲಿಲ್ಲವೆಂಬ ಪ್ರಶ್ನೆ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕಾಡಿತು. ಮರುವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿನ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ಅವರು ಸಲಹಾ ಮಂಡಳಿಯ ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ. ಈ ಎರಡು ಪ್ರಸಂಗಗಳನ್ನು ಎದುರುಬದುರು ಇಟ್ಟು ಅರ್ವಿಂಗ್ ಜಾನಿಸ್ ಎಂಬ ಮನೋವಿಜ್ಞಾನಿ 1972ರಲ್ಲಿ ಗುಂಪುಚಿಂತನೆಯ, ಅಂದರೆ ಒಮ್ಮತ ಕೆಡದಿರಲೆಂದು ಗುಂಪು ತನ್ನ ಅನುಮಾನಗಳನ್ನು ನುಂಗಿಕೊಳ್ಳುವುದರ, ವಿವರಣೆ ಕೊಟ್ಟರು. ಹೊರಗೆ ಹೋಗಲಾಗದಿದ್ದರೆ ಕೊನೆಯಲ್ಲಿ ಮಾತಾಡಿ. ಅದೂ ಆಗದಿದ್ದರೆ, ‘ನನ್ನ ಮನಸ್ಸು ಈ ಕಡೆ ಇದೆ, ಇದರಲ್ಲಿ ಏನು ತಪ್ಪಿದೆಯೆಂದು ಇಬ್ಬರಾದರೂ ಹೇಳದೆ ನಾನು ಮುಂದಿನ ವಿಷಯಕ್ಕೆ ಹೋಗುವುದಿಲ್ಲ’ ಎಂದು ಹೇಳಿ ಸುಮ್ಮನೆ ಕಾಯಿರಿ. ಮೌನ ಕಿರಿಕಿರಿಯಾಗುತ್ತದೆ. ಆಗಲಿ.

ಒಪ್ಪದವರ ಕಡೆ ನೀವಿದ್ದರೆ ಎರಡು ಕೆಲಸ ಮಾಡಬಹುದು. ಸಭೆಗೆ ಮೊದಲು ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಆಶ್ ಪ್ರಯೋಗ ತೋರಿಸಿದಂತೆ ಒಬ್ಬನೇ ಇರುವುದಕ್ಕೂ ಇಬ್ಬರಿರುವುದಕ್ಕೂ ಅಜಗಜಾಂತರವಿದೆ. ಆಮೇಲೆ, ಹೇಳಿದ್ದನ್ನೇ ಹೇಳಿ. ಸರ್ಜ್ ಮೊಸ್ಕೊವಿಚಿ ಮತ್ತು ಸಂಗಡಿಗರು 1969ರಲ್ಲಿ ಮಾಡಿದ ಪ್ರಯೋಗದಲ್ಲಿ ಆರು ಜನರ ಗುಂಪಿನೊಳಗೆ ಇಬ್ಬರು ನೀಲಿ ಚಿತ್ರಗಳನ್ನು ಹಸಿರು ಎನ್ನುತ್ತಿದ್ದರು. ಅವರು ಬಿಡದೆ ಹಾಗೆಂದಾಗ ಉಳಿದವರ ಉತ್ತರಗಳಲ್ಲಿ ಸುಮಾರು ಶೇ. 8ರಷ್ಟು ಹಸಿರಿಗೆ ವಾಲಿದವು; ಒಮ್ಮೆ ಹಸಿರು, ಒಮ್ಮೆ ನೀಲಿ ಎಂದಾಗ ಪರಿಣಾಮ ಶೇ. 1ರ ಆಸುಪಾಸಿಗೆ ಇಳಿಯಿತು. ಹಾಗೆಂದು ಸ್ವರ ಏರಿಸಬೇಕಾಗಿಲ್ಲ. ಮೂರು ಸಭೆಗಳಲ್ಲಿ ಒಂದೇ ಮಾತನ್ನು, ಒಂದೇ ಲೆಕ್ಕದೊಡನೆ, ‘ಅಣ್ಣ, ನಿಮ್ಮ ಮೇಲಿನ ಗೌರವಕ್ಕೇ ಇದನ್ನು ಹೇಳುತ್ತಿದ್ದೇನೆ’ ಎಂದು ತಗ್ಗಿಸಿದ ಸ್ವರದಲ್ಲಿ ಹೇಳುವವನು ನಮ್ಮವರಲ್ಲಿ ಬೇಗ ಗೆಲ್ಲುತ್ತಾನೆ. ಮೇಜು ಕುಟ್ಟುವವನನ್ನು ಮುಂದಿನ ವರ್ಷ ಸಮಿತಿಯಿಂದಲೇ ಬಿಡುತ್ತಾರೆ.

ಸಾಬೀತು ಮಾಡುವ ಹೊಣೆ ಯಾರ ಮೇಲಿದೆ ಎಂಬುದನ್ನೂ ಗಮನಿಸುತ್ತಿರಿ. 1986ರ ಜನವರಿ 27ರ ರಾತ್ರಿ, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ್ದ ಕಂಪನಿಯ ಎಂಜಿನಿಯರುಗಳು ಅಂಥ ಚಳಿಯಲ್ಲಿ ರಾಕೆಟ್ಟಿನ ಜೋಡಣೆಗಳನ್ನು ಬಿಗಿಯಾಗಿ ಮುಚ್ಚುವ ರಬ್ಬರಿನ ಓ-ರಿಂಗ್‌ಗಳು ಕೈಕೊಟ್ಟಾವೆಂದು ಎಚ್ಚರಿಸಿದರು. ಹಾರುವುದು ಸುರಕ್ಷಿತವೆಂದು ತೋರಿಸಿರಿ ಎನ್ನುವ ಬದಲು ಅಸುರಕ್ಷಿತವೆಂದು ತೋರಿಸಿರಿ ಎಂಬಂತೆ ಮಾತು ತಿರುಗಿತು. ಕೊನೆಗೆ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಿಗೆ, ಎಂಜಿನಿಯರನ ಟೊಪ್ಪಿ ತೆಗೆದು ವ್ಯವಸ್ಥಾಪಕನ ಟೊಪ್ಪಿ ಹಾಕಿಕೊಳ್ಳಿ ಎಂದು ಹೇಳಲಾಯಿತು. ಮರುದಿನ ನೌಕೆ ಸಿಡಿದು ಏಳು ಜನ ಸತ್ತರು. ನಮ್ಮ ಸಭೆಗಳಲ್ಲಿ ಜೀವ ಹೋಗುವುದಿಲ್ಲ ನಿಜ, ಆದರೆ ‘ಬೇಡವೆಂದರೆ ಕಾರಣ ಕೊಡಿ’ ಎಂದು ಒಂದು ಕಡೆಯವರನ್ನು ಮಾತ್ರ ಕೇಳಲು ತೊಡಗಿದರೆ, ತಕ್ಕಡಿಯ ಮೇಲೆ ಯಾರೋ ಬೆರಳಿಟ್ಟಿದ್ದಾರೆಂದು ತಿಳಿಯಬೇಕು.

ಸೊಸೈಟಿಯ ಸಭೆ

ಹಳೆಯ ಕಟ್ಟಡಗಳ ರೀಡೆವಲಪ್‌ಮೆಂಟ್, ಅಂದರೆ ಬಿಲ್ಡರನಿಂದ ಕೆಡವಿಸಿ ಹೊಸದಾಗಿ ಕಟ್ಟಿಸುವ ಮಾತು, ಈಗ ಮುಂಬಯಿಯ ಮುಲುಂಡಿನಿಂದ ಬೊರಿವಲಿಯವರೆಗೆ ಎಲ್ಲ ಕಡೆಯೂ ಇದೆ, ಮತ್ತು ಪ್ರಭಾವ ಅತಿ ದುಬಾರಿಯಾಗುವುದು ಅಲ್ಲಿ. ಮಹಾರಾಷ್ಟ್ರ ಸಹಕಾರ ಸಂಘಗಳ 1960ರ ಕಾಯಿದೆಯಂತೆ ಫ್ಲ್ಯಾಟ್ ದೊಡ್ಡದಿರಲಿ ಚಿಕ್ಕದಿರಲಿ ಸದಸ್ಯನಿಗೆ ಒಂದೇ ಮತ. ಆ ಕಾಯಿದೆಯ 79ಎ ಕಲಮಿನಡಿ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಿಲ್ಡರನ ಆಯ್ಕೆಗೆ ಒಟ್ಟು ಸದಸ್ಯರ ಶೇ. 51ರಷ್ಟು ಒಪ್ಪಿಗೆ ಬೇಕೆಂದಿದೆ, ಸಭೆಯ ವಿಡಿಯೊ ಚಿತ್ರೀಕರಣವೂ ಆಗಬೇಕೆಂದಿದೆ. ಹಾಜರಿದ್ದವರ ಲೆಕ್ಕವನ್ನು ಬಿಟ್ಟು ಒಟ್ಟು ಸದಸ್ಯರ ಲೆಕ್ಕ ಹಿಡಿದಿರುವುದು ಒಳ್ಳೆಯದೇ. ಹತ್ತು ಜನ ಸೇರಿ ಅರವತ್ತು ಜನರ ಮನೆ ತೀರ್ಮಾನಿಸುವುದಕ್ಕೆ ಅದರಿಂದ ತಡೆ ಬಿದ್ದಿದೆ.

ಆದರೂ ಕ್ಯಾಮೆರಾದ ಮುಂದೆ ನಡೆಯುವುದು ಕೊನೆಯ ಅಂಕ ಮಾತ್ರ. ಅದಕ್ಕೆ ಮೊದಲು ಒಂದು ಬಿಲ್ಡರನ ಪ್ರಸ್ತಾವಕ್ಕೆ ಒಂದು ಗಂಟೆ, ಬಣ್ಣದ ಚಿತ್ರ, ಊಟ; ಇನ್ನೊಬ್ಬನದಕ್ಕೆ ಕೊನೆಯ ಹದಿನೈದು ನಿಮಿಷ. ವಾಟ್ಸಾಪ್ ಗುಂಪಿನಲ್ಲಿ ಸಮಿತಿಯ ಚೇರ್ಮನ್ ಒಂದು ಹೆಬ್ಬೆರಳು ಹಾಕಿದ ಕೂಡಲೇ ಕೆಳಗೆ ಮೂವತ್ತು ಹೆಬ್ಬೆರಳುಗಳು ಸಾಲಾಗಿ ಬರುತ್ತವೆ, ಮೂವತ್ತೊಂದನೆಯವನು ಕಾರ್ಪೆಟ್ ಏರಿಯಾ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) ಎಷ್ಟೆಂದು ಕೇಳಲು ನಾಚಿಕೊಳ್ಳುತ್ತಾನೆ. ಎಲ್ಲ ಬಿಲ್ಡರರಿಗೂ ಒಂದೇ ನಮೂನೆಯ ಕೋಷ್ಟಕ ತುಂಬಿಸಿ. ಕಾರ್ಪೆಟ್ ಏರಿಯಾ, ತಾತ್ಕಾಲಿಕ ವಾಸದ ಬಾಡಿಗೆ, ಬಿಲ್ಡರ್ ಕೊಡುವ ಇಡುಗಂಟು ಅಂದರೆ ಕಾರ್ಪಸ್ ಫಂಡ್, ಬ್ಯಾಂಕ್ ಗ್ಯಾರಂಟಿ, ಮುಗಿಸುವ ಅವಧಿ ಇಷ್ಟು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇರಲಿ. ಯಾರು ಮೊದಲು ಮಾತಾಡಬೇಕೆಂದು ಚೀಟಿ ಎತ್ತಿಸಿ. ಗುಂಪಿನಲ್ಲಿ ಪ್ರಶ್ನೆಗಳಿಗೆ ಮಾತ್ರ ಅವಕಾಶ, ಅಭಿಪ್ರಾಯ ಸಭೆಯಲ್ಲಿ ಎಂದು ನಿಯಮ ಮಾಡಿ. ಮರಾಠಿಯಲ್ಲಿ ಸಲೀಸಾಗಿ ಮಾತಾಡಲು ಬಾರದ ವಯಸ್ಸಾದ ನಮ್ಮವರು ಸುಮ್ಮನೆ ಕುಳಿತಿರುತ್ತಾರೆ. ಅವರಿಗಾಗಿ ಹಿಂದಿನ ದಿನ ಯಾರಾದರೂ ಕೋಷ್ಟಕವನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಲಿ, ಆದರೆ ಓದಿ ಹೇಳುವವರು ಸಮಿತಿಯವರಾಗಿರಬಾರದು.

ನಡಾವಳಿ

ಕಾರ್ಯದರ್ಶಿಯ ಲೇಖನಿಗೆ ಇರುವ ಬಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾರ್ಯದರ್ಶಿಯೂ ಹಿಡಿಯುವುದಿಲ್ಲ. ಬೆಳ್ಳಿಹಬ್ಬದ ಆ ಸಭೆಯ ನಡಾವಳಿಯಲ್ಲಿ ‘ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಠರಾಯಿಸಲಾಯಿತು’ ಎಂದು ಬರೆದವನು ನಾನು. ನಾಲ್ಕು ನಿಮಿಷ ಸುದೀರ್ಘವಾಗಿರಲಿಲ್ಲ, ಚರ್ಚೆ ನಡೆದಿರಲಿಲ್ಲ, ಸರ್ವಾನುಮತ ಪ್ಲಾಟ್‌ಫಾರ್ಮಿನಲ್ಲಿ ಬಿದ್ದುಹೋಗಿತ್ತು. ಹಿಂದಿನ ನಡಾವಳಿಗಳಲ್ಲಿ ಹಾಗೆ ಬರೆದಿದ್ದರು, ನಾನೂ ಬರೆದೆ. ಅಂದಿನಿಂದ ಇಟ್ಟುಕೊಂಡ ಕ್ರಮ ಹೀಗಿದೆ: ಠರಾವಿನ ವಾಕ್ಯವನ್ನು ಸಭೆ ಚದುರುವ ಮುನ್ನ ಗಟ್ಟಿಯಾಗಿ ಓದಬೇಕು. ಪರ, ವಿರೋಧ, ತಟಸ್ಥ ಎಷ್ಟೆಂದು ಅಂಕಿಯಲ್ಲಿ ಬರೆಯಬೇಕು. ವಿರೋಧಿಸಿದವರು ಬಯಸಿದರೆ ಅವರ ಕಾರಣವನ್ನು ಒಂದು ಸಾಲಿನಲ್ಲಿ, ಅವರದೇ ಮಾತಿನಲ್ಲಿ ದಾಖಲಿಸಬೇಕು. ದೊಡ್ಡ ಖರ್ಚಿನ ಠರಾವು ಮುಂಗಡ ಕೊಡುವ ಮೊದಲು ಮುಂದಿನ ಸಭೆಯಲ್ಲಿ ಇನ್ನೊಮ್ಮೆ ಬರಬೇಕು.

ಆ ಕೊನೆಯ ನಿಯಮ ಹುಟ್ಟಿದ್ದೇ ನಮ್ಮ ಬೆಳ್ಳಿಹಬ್ಬದಿಂದ. ಸಭಾಂಗಣಕ್ಕೆ ಇನ್ನೂ ಮುಂಗಡ ಹೋಗಿರಲಿಲ್ಲ. ಮುಂದಿನ ತಿಂಗಳ ಸಭೆಗೆ ನಾನು ‘ಬೆಳ್ಳಿಹಬ್ಬಕ್ಕೆ ಎಷ್ಟು ಖರ್ಚು ಮಾಡಬಹುದು? ಎಲ್ಲಿ ಮಾಡಬಹುದು?’ ಎಂದು ಎರಡು ಪ್ರಶ್ನೆಗಳನ್ನ ಬರೆದು, ಖಜಾಂಚಿಗಳ ಕಾಗದವನ್ನು ಎಂಟು ದಿನ ಮೊದಲೇ ಎಲ್ಲರಿಗೂ ಕಳುಹಿಸಿದೆ. ಅಧ್ಯಕ್ಷರಿಗೆ ಮಾತ್ರ ಹಿಂದಿನ ಸಂಜೆ ಅವರ ಹೋಟೆಲಿಗೇ ಹೋಗಿ, ಒಂದು ಲೋಟ ಕಾಫಿ ಕುಡಿಯುತ್ತ, ಹೀಗೆ ಚೀಟಿಯ ಕ್ರಮ ಮಾಡೋಣವೆಂದಿದ್ದೇನೆ ಎಂದು ಹೇಳಿದೆ. ‘ಚೀಟಿ ಯಾಕೆ, ನಾನೇನು ಹುಲಿಯಾ?’ ಎಂದು ನಕ್ಕರು, ಆಮೇಲೆ ಒಪ್ಪಿದರು. ಹನ್ನೊಂದು ಚೀಟಿಗಳನ್ನು ಅವರೇ ಬಿಡಿಸಿ ಓದಿದರು. ಸಭಾಂಗಣದ ಪರ 4, ಶಾಲೆಯ ಅಂಗಳದ ಪರ 6, ತಟಸ್ಥ 1. ಕೊನೆಯ ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ‘ಹಾಗಾದರೆ ಶಾಮಿಯಾನದವನಿಗೆ ನಾನೇ ಹೇಳುತ್ತೇನೆ, ಅವನು ನಮ್ಮ ಪರಿಚಯದವನು’ ಎಂದರು. ಖಜಾಂಚಿಗಳು, ‘ಅಣ್ಣ, ಮೂರು ಕಡೆಯಿಂದ ಕೊಟೇಶನ್ ತರಿಸೋಣವೇ?’ ಎಂದು ಕೇಳಿದರು, ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಬಗ್ಗಿ. ಆ ಪ್ರಶ್ನೆಯನ್ನೂ ನಾನು ನಡಾವಳಿಯಲ್ಲಿ ಬರೆದುಕೊಂಡೆ.